ಹೇಳೂಕೆ ಬರೂದಿಲ್ಲ ಅಂದ ಪಾದ್ರಿ

"ಮರ್ಡರ್ ಮಿಸ್ಟರಿ ಅಮ್ಮಾ, ನಿನಗೆ ಸೇರ್ತದೆ" ಅಂತ ಹೇಳಿ ಮಗಳು ಡಿವಿಡಿ ಕೈಗಿಟ್ಟು ಪುಣೆ ಬಸ್ಸು ಹತ್ತಿದಳು. ಮಿಸ್ಟರಿ ಅಂದಿದ್ದು ಸುಳ್ಳು. ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೇ ಕೊಂದವನು ಯಾರು ಅಂತ ಅವನ ಬಾಯಿಂದಲೇ ಕೇಳಿ ಆಗಿರುತ್ತದೆ. ಆಮೇಲೆ ಉಳಿಯುವ ಪ್ರಶ್ನೆ ಒಂದೇ. ಅದನ್ನು ಕೇಳಿಸಿಕೊಂಡ ಇನ್ನೊಬ್ಬ ಬಾಯಿ ಬಿಡುತ್ತಾನೋ ಇಲ್ಲವೋ.

ಸಿನಿಮಾದ ಹೆಸರು 'ಐ ಕನ್ಫೆಸ್'. 1953ರದ್ದು, ಕಪ್ಪು-ಬಿಳುಪು, 95 ನಿಮಿಷ. ನಿರ್ದೇಶನ ಆಲ್ಫ್ರೆಡ್ ಹಿಚ್‌ಕಾಕ್. 1902ರ ಒಂದು ಫ್ರೆಂಚ್ ನಾಟಕದಿಂದ ತೆಗೆದ ಕಥೆ. ನಡೆಯುವುದು ಕೆನಡಾದ ಕ್ವಿಬೆಕ್ ಊರಿನಲ್ಲಿ, ಚಿತ್ರೀಕರಣ ಮಾಡಿದ್ದೂ ಅಲ್ಲೇ.

ನನ್ನ ಬಗ್ಗೆ ಎರಡು ಮಾತು ಮೊದಲೇ ಹೇಳಬೇಕು. ಇಲ್ಲದಿದ್ದರೆ ನಾನು ಯಾಕೆ ಇಷ್ಟೊಂದು ಬರೆಯುತ್ತಿದ್ದೇನೆ ಅಂತ ನಿಮಗೆ ಅನಿಸಬಹುದು. ನಾನು ಘಟ್ಟದ ಕೆಳಗಿನ ಕೋರ್ಟುಗಳಲ್ಲಿ ಬೆರಳಚ್ಚುಗಾರ್ತಿ ಆಗಿದ್ದವಳು. 31 ವರ್ಷ. ಮೊದಲು ಟೈಪ್‌ರೈಟರ್, ಆಮೇಲೆ ಕಂಪ್ಯೂಟರ್. ಕಟಕಟೆಯ ಪಕ್ಕದಲ್ಲೇ ನನ್ನ ಮೇಜು. ಸಾಕ್ಷಿ ಹೇಳುವವರ ಮುಖ ನನ್ನಷ್ಟು ಹತ್ತಿರದಿಂದ ಸಾಹೇಬರೂ ನೋಡಿಲ್ಲ, ವಕೀಲರೂ ನೋಡಿಲ್ಲ. ನಿವೃತ್ತಿ ಆದ ಮೇಲೆ ಕಾರವಾರದ ಕೋಡಿಬಾಗದಲ್ಲಿ ಇದ್ದೇನೆ. ಕೋರ್ಟು ಇರುವ ಸಿನಿಮಾ ಅಂದರೆ ತಪ್ಪು ಹುಡುಕುವುದೇ ನನ್ನ ಕೆಲಸ. ಬಾಗಿಲು ದೂಡಿಕೊಂಡು ಬಂದು "ನಿಲ್ಲಿಸಿ" ಅಂತ ಕೂಗುವ ಸಿನಿಮಾಗಳನ್ನು ನೋಡಿ ನೋಡಿ ಸಾಕಾಗಿದೆ.

ಇದನ್ನು ಒಬ್ಬಳೇ ನೋಡಲಿಲ್ಲ. ನೆರೆಮನೆಯ ಅಕ್ಕೋರು ಬಂದಿದ್ದರು. ಹೊನ್ನಾವರ ಕಡೆಯವರು, ಕನ್ನಡ ಶಾಲೆಯಲ್ಲಿ ಇದ್ದವರು, ಈಗ ನನ್ನ ಹಾಗೆಯೇ ಪೆನ್ಶನ್. ಪ್ರತಿ ಭಾನುವಾರ ಇಗರ್ಜಿಗೆ ತಪ್ಪದೆ ಹೋಗುತ್ತಾರೆ. "ಪಾದ್ರಿ ಇರೋ ಸಿನಿಮಾ ಅಕ್ಕೋರೇ, ನೀವಿಲ್ಲದೆ ನನಗೆ ಅರ್ಧ ತಿಳಿಯೂದಿಲ್ಲ" ಅಂತ ಕರೆದೆ. ಹಲಸಿನ ಹಪ್ಪಳ ಸುಟ್ಟುಕೊಂಡು ಬಂದರು. ಹೊರಗೆ ಜುಲೈ ತಿಂಗಳ ಮಳೆ. ಟಿವಿ ಸೌಂಡು 40ಕ್ಕೆ ಇಟ್ಟರೂ ತಗಡಿನ ಸದ್ದೇ ಜಾಸ್ತಿ. ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು, ಅದರಿಂದ ಬಚಾವಾದೆವು.

ಕಥೆ ಇಷ್ಟು. ಫಾದರ್ ಮೈಕಲ್ ಲೋಗನ್ ಚಿಕ್ಕ ವಯಸ್ಸಿನ ಪಾದ್ರಿ. ಯುದ್ಧಕ್ಕೆ ಹೋಗಿ ಬಂದವನು. ಅವನ ಇಗರ್ಜಿಯಲ್ಲಿ ಆಟೋ ಕೆಲ್ಲರ್ ಅಂತ ಒಬ್ಬ ಜರ್ಮನ್ ನಿರಾಶ್ರಿತ ಕೆಲಸಕ್ಕಿದ್ದಾನೆ. ಹೆಂಡತಿ ಆಲ್ಮಾ ಅಲ್ಲೇ ಪಾದ್ರಿಗಳಿಗೆ ಅಡಿಗೆ ಮಾಡಿ ಬಡಿಸುತ್ತಾಳೆ. ಕೆಲ್ಲರ್ ವಿಲೆಟ್ ಅನ್ನುವ ವಕೀಲನ ಮನೆಯ ತೋಟದ ಕೆಲಸಕ್ಕೂ ಹೋಗುತ್ತಾನೆ. ಒಂದು ರಾತ್ರಿ ಪಾದ್ರಿಯ ನಿಲುವಂಗಿ ತೊಟ್ಟು ಆ ವಕೀಲನ ಮನೆಗೆ ಕಳ್ಳತನಕ್ಕೆ ಹೋಗಿ, ಸಿಕ್ಕಿಬಿದ್ದು, ಅವನನ್ನು ಕೊಂದು ಬರುತ್ತಾನೆ. ನೇರವಾಗಿ ಇಗರ್ಜಿಗೆ ಬಂದು ಮೊಣಕಾಲೂರುತ್ತಾನೆ. ಲೋಗನ್ ಅವನ ಪಾಪನಿವೇದನೆ ಕೇಳುತ್ತಾನೆ. ಆಮೇಲೆ ಪೊಲೀಸರ ಸಂಶಯ ಬೀಳುವುದು ಲೋಗನ್ ಮೇಲೆಯೇ. ಪಾದ್ರಿ ವೇಷದವನೊಬ್ಬ ಆ ಮನೆಯಿಂದ ಹೊರಗೆ ಬಂದಿದ್ದನ್ನು ಇಬ್ಬರು ಹುಡುಗಿಯರು ನೋಡಿರುತ್ತಾರೆ.

ಮೊದಲ ದೃಶ್ಯ ಹೇಳದೆ ಮುಂದೆ ಹೋಗಲಾರೆ. ಖಾಲಿ ಬೀದಿ. ಬಾಣದ ಗುರುತಿನ ಬೋರ್ಡುಗಳು ಒಂದಾದ ಮೇಲೆ ಒಂದು. ಒನ್-ವೇ ಬೋರ್ಡುಗಳು ಅಷ್ಟೇ. ಫ್ರೆಂಚ್ ಮಾತಾಡುವ ಊರು, ಅದರ ಮೇಲೆ 'ಡಿರೆಕ್ಷನ್' ಅಂತ ಬರೆದಿದೆ. ಬಾಣ ಹಿಡಿದುಕೊಂಡು ಹೋದರೆ ತೆರೆದ ಕಿಟಕಿ, ಒಳಗೆ ನೆಲದ ಮೇಲೆ ಹೆಣ, ಬಾಗಿಲಿಗೆ ಕಟ್ಟಿದ ಮಣಿಯ ಪರದೆ ಇನ್ನೂ ಅಲ್ಲಾಡುತ್ತಾ ಇದೆ. ಈಗಷ್ಟೇ ಯಾರೋ ದಾಟಿ ಹೋಗಿದ್ದಾರೆ. ಒಂದು ಮಾತಿಲ್ಲ. ನಾನು ಎಷ್ಟು ಪಂಚನಾಮೆ ಟೈಪ್ ಮಾಡಿರಬಹುದು, "ಸದರಿ ಕೋಣೆಯ ಉತ್ತರ ದಿಕ್ಕಿನ ಬಾಗಿಲು" ಅಂತ ಶುರುವಾಗುವವು. ಅವೆಲ್ಲ ಸೇರಿದರೂ ಈ ಮಣಿ ಪರದೆಯಷ್ಟು ಹೇಳೋದಿಲ್ಲ.

ಅಕ್ಕೋರು ಆ ನಿಲುವಂಗಿ ನೋಡಿದ ಕೂಡಲೇ "ಅಯ್ಯೋ, ಲೋಬ್ ಹಾಕ್ಕೊಂಡು ಹೋಗಿದ್ದಾನೆ ಮುಂಡೇದು" ಅಂದರು. ಕೊಂಕಣಿಯಲ್ಲಿ ಅದಕ್ಕೆ ಲೋಬ್ ಅಂತಾರೆ. ಪಾಪನಿವೇದನೆಗೆ ಕುಮ್ಸಾರ್. ಮುಂದೆ ನಾನು ಕುಮ್ಸಾರ್ ಅಂತಲೇ ಬರೆಯುತ್ತೇನೆ. ಪಾಪನಿವೇದನೆ ಅಂದರೆ ಪುಸ್ತಕದಲ್ಲಿ ಇರುವ ಹಾಗೆ ಕೇಳುತ್ತದೆ, ಕುಮ್ಸಾರ್ ಅಂದರೆ ಯಾರೋ ನಿಜವಾಗಿಯೂ ಮಾಡಿ ಬಂದ ಹಾಗೆ.

ಕುಮ್ಸಾರ್ ಗುಟ್ಟಿನ ಬಗ್ಗೆ ನನಗೆ ಅರ್ಧಂಬರ್ಧ ಗೊತ್ತಿತ್ತು. ಪಾದ್ರಿ ಬೇರೆ ಯಾರಿಗೂ ಹೇಳಬಾರದು ಅಂತ. ಅಷ್ಟೇ ಅಂದುಕೊಂಡಿದ್ದೆ. ಅಷ್ಟೇ ಅಲ್ಲವಂತೆ. 1215ರಲ್ಲಿ ಸೇರಿದ ಚರ್ಚಿನ ದೊಡ್ಡ ಸಭೆಯಲ್ಲೇ ಈ ಗುಟ್ಟು ಒಡೆದ ಪಾದ್ರಿಗೆ ಶಿಕ್ಷೆ ಬರೆದಿಟ್ಟಿದ್ದರು. ಈಗ ನಡೆಯುತ್ತಿರುವುದು 1983ರ ಚರ್ಚ್ ಕಾನೂನು. ಅದರ 983ನೇ ಕಲಮಿನಲ್ಲಿ ಈ ವಿಷಯ ಇದೆ. 1983ರ 983, ನನ್ನಂತಹ ಕಲಂ ನಂಬರ್ ಬಾಯಿಪಾಠ ಮಾಡಿದವರಿಗೆ ನೆನಪಿಡೋದು ಸುಲಭ. ಅದರ ಮುಂದಿನದೇ ನಿಜವಾದ ಬಿಗಿ. 984ನೇ ಕಲಂ. ಕುಮ್ಸಾರದಲ್ಲಿ ಗೊತ್ತಾದ ಸಂಗತಿಯನ್ನು ಬಾಯಿಬಿಟ್ಟು ಹೇಳಬಾರದು ಅಷ್ಟೇ ಅಲ್ಲ, ಹೇಳಿಕೊಂಡವನಿಗೆ ತೊಂದರೆ ಆಗುವ ಹಾಗೆ ಬಳಸಲೂ ಬಾರದು. ಗುಟ್ಟು ಹೊರಗೆ ಬೀಳುವ ಅಪಾಯ ಚೂರೂ ಇಲ್ಲದಿದ್ದರೂ ಬಳಸಬಾರದು. ಸಿನಿಮಾ ಬಂದಾಗ ಇದ್ದದ್ದು ಇದಕ್ಕಿಂತ ಹಳೆಯ ಕಾನೂನು, ಆದರೆ ಅದರಲ್ಲೂ ಹೀಗೇ ಇತ್ತಂತೆ.

"ಬಳಸಬಾರದು ಅಂದ್ರೆ ಹೆಂಗೆ ಅಕ್ಕೋರೇ?" ಅಂತ ಕೇಳಿದೆ.

ಅವರು ಹಪ್ಪಳ ಮುರಿದು ಬಾಯಿಗೆ ಹಾಕಿಕೊಂಡು ಹೇಳಿದರು. ಅವರಿಗೆ ಒಂಬತ್ತೋ ಹತ್ತೋ ವರ್ಷ. ಪಾದ್ರಿಯವರ ಮನೆ ಹಿತ್ತಿಲಲ್ಲಿ ಗೇರು ಮರ. ಬೇಲಿ ಹಾರಿ ಗೇರುಬೀಜ ಕದ್ದು, ಸುಟ್ಟು ತಿಂದರು. ಶನಿವಾರ ಕುಮ್ಸಾರಕ್ಕೆ ಹೋಗಬೇಕು. ಹೇಳಬೇಕಾದ್ದು ಯಾರಿಗೆ? ಆ ಗೇರು ಮರದ ಪಾದ್ರಿಗೇ! ನಡುಗುತ್ತಾ ಹೇಳಿದರು. ಪಾದ್ರಿ ಪ್ರಾರ್ಥನೆ ಹೇಳಿಕೊಳ್ಳಲು ಹೇಳಿ ಕಳಿಸಿದರು. ಮಾರನೇ ದಿನ ಎದುರಿಗೆ ಸಿಕ್ಕಾಗ ದಿನಾ ಹೇಗೆ ನಕ್ಕು ಮಾತಾಡುತ್ತಿದ್ದರೋ ಹಾಗೇ.

"ಬೇಲಿ ಎತ್ತರ ಮಾಡಿದ್ರಾ?" ಅಂದೆ.

"ಅದೇ, ಬಾಯೀ, ನಾನು ಹೇಳ್ತಾ ಇರೋದು. ಬೇಲಿ ಸಹ ಎತ್ತರ ಮಾಡಲಿಲ್ಲ. ಮಾಡೂಕೆ ಬರೂದಿಲ್ಲ ಅವರಿಗೆ."

ಇದು ತಿಳಿದ ಮೇಲೆ ಸಿನಿಮಾದ ಒಂದು ದೃಶ್ಯ ನನಗೆ ಬೇರೆಯೇ ಆಗಿ ಕಂಡಿತು. ರಿಮೋಟ್ ಒತ್ತಿ ಹಿಂದೆ ಹೋಗಿ ಎರಡನೇ ಸಲ ನೋಡಿದೆವು. ಕೊಲೆಯ ಮರುದಿನ ಬೆಳಿಗ್ಗೆ. ಪಾದ್ರಿಗಳೆಲ್ಲ ಮೇಜಿನ ಸುತ್ತ ತಿಂಡಿಗೆ ಕೂತಿದ್ದಾರೆ. ಏನೇನೋ ಸಾದಾ ಮಾತು. ಆಲ್ಮಾ ಕಾಫಿ ಹಾಕುತ್ತಾ ಅವರ ಬೆನ್ನ ಹಿಂದೆ ಸುತ್ತುತ್ತಾಳೆ. ಒಂದು ಸುತ್ತು, ಇನ್ನೊಂದು ಸುತ್ತು. ಅವಳ ಕಣ್ಣು ಮಾತ್ರ ಲೋಗನ್ ಮುಖದ ಮೇಲೆ. ಗಂಡ ಎಲ್ಲ ಹೇಳಿಕೊಂಡಿದ್ದಾನೆ ಅಂತ ಅವಳಿಗೆ ಗೊತ್ತು. ಇವನು ಹೇಳಿಬಿಡುತ್ತಾನಾ? ಅವಳಿಗೆ ಬೇಕಾದ್ದು ಒಂದು ಗುರುತು. ಕೋಪವೋ, ಹೆದರಿಕೆಯೋ, ಅಸಹ್ಯವೋ. ಅವನು ಏನೂ ಕೊಡೋದಿಲ್ಲ. ಕೊಲೆಗಾರನ ಹೆಂಡತಿ ಹಾಕಿದ ಕಾಫಿ ಎದುರಿಗಿದೆ. ಅವನು ಬೇಲಿ ಎತ್ತರ ಮಾಡುವ ಹಾಗಿಲ್ಲ. ಕೆಲ್ಲರನನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ, ರಾತ್ರಿ ಕೋಣೆಗೆ ಚಿಲಕ ಹಾಕಿಕೊಂಡರೂ ಅದಕ್ಕೊಂದು ಅರ್ಥ ಬಂದುಬಿಡುತ್ತದೆ.

ಕೊಲೆ ತೋರಿಸಿ ಹೆದರಿಸುವ ಸಿನಿಮಾ ಬೇಕಾದಷ್ಟಿವೆ. ಕಾಫಿ ಹಾಕುವುದನ್ನು ತೋರಿಸಿ ಹೆದರಿಸಿದ್ದು ನಾನು ನೋಡಿದ್ದು ಇದೊಂದೇ. ಆಲ್ಮಾ ಪಾತ್ರ ಮಾಡಿದವರು ಡಾಲಿ ಹಾಸ್, ಕೆಲ್ಲರ್ ಆಗಿ ಓ. ಇ. ಹಾಸೆ. ಇಬ್ಬರೂ ಜರ್ಮನಿಯವರೇ. ಈ ಗಂಡ-ಹೆಂಡತಿಯನ್ನು ನೋಡಲಿಕ್ಕಾದರೂ ಸಿನಿಮಾ ನೋಡಬೇಕು. ಕೆಲ್ಲರ್ ಕದಿಯಲು ಹೋಗಿದ್ದು ಹೆಂಡತಿ ದುಡಿದು ದುಡಿದು ಸೋಲುವುದನ್ನು ನೋಡಲಾರದೆ ಅನ್ನುತ್ತಾನೆ. ನಂಬಬೇಕೋ ಬೇಡವೋ ಗೊತ್ತಾಗೋದಿಲ್ಲ. ನಾನು ನೋಡಿದ ಆರೋಪಿಗಳಲ್ಲಿ ಹತ್ತಕ್ಕೆ ಎಂಟು ಜನ ಹೆಂಡತಿ-ಮಕ್ಕಳ ಹೆಸರು ಹೇಳುವವರೇ, ಅವರಲ್ಲಿ ಕೆಲವರದ್ದು ನಿಜವೇ ಇರುತ್ತಿತ್ತು.

ಇನ್ನು ಸಿನಿಮಾದ ಕೆಟ್ಟ ಭಾಗ. ರೂತ್ ಅನ್ನುವ ಹೆಂಗಸು ಇದ್ದಾಳೆ, ಆ್ಯನ್ ಬ್ಯಾಕ್ಸ್‌ಟರ್ ಮಾಡಿದ್ದಾರೆ. ಲೋಗನ್ ಪಾದ್ರಿ ಆಗುವ ಮೊದಲು ಅವನನ್ನು ಪ್ರೀತಿಸಿದವಳು. ಈಗ ದೊಡ್ಡ ಮನೆತನದವನ ಹೆಂಡತಿ. ಸತ್ತ ವಕೀಲ ವಿಲೆಟ್ ಇವಳನ್ನು ಹಳೆಯ ಸಂಗತಿ ಹಿಡಿದು ಹೆದರಿಸುತ್ತಿದ್ದ. ಲೋಗನ್‌ನನ್ನು ಉಳಿಸಲು ಅವಳು ಪೊಲೀಸರ ಮುಂದೆ ಎಲ್ಲ ಹೇಳಿಬಿಡುತ್ತಾಳೆ, ಆ ರಾತ್ರಿ 11 ಗಂಟೆವರೆಗೆ ನನ್ನ ಜೊತೆ ಇದ್ದ ಅಂತಲೂ ಹೇಳುತ್ತಾಳೆ. ಆದರೆ ಕೊಲೆ ಆಗಿದ್ದು 11 ಗಂಟೆ ದಾಟಿದ ಮೇಲೆ. ಅವನನ್ನು ಉಳಿಸಲು ಹೇಳಿದ್ದೇ ಅವನಿಗೆ ಕೊಲೆ ಮಾಡಲು ಕಾರಣ ಇತ್ತು ಅಂತ ತೋರಿಸಿಕೊಡುತ್ತದೆ. ಕೋರ್ಟಿನಲ್ಲಿ ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಒಳ್ಳೆಯದು ಮಾಡಲು ಬಂದ ಸಾಕ್ಷಿಯೇ ಜಾಸ್ತಿ ಹಾಳು ಮಾಡೋದು.

ಇಷ್ಟು ಒಳ್ಳೆಯ ಸಂಗತಿಯನ್ನು ಹಿಚ್‌ಕಾಕ್ ಹೇಗೆ ತೋರಿಸಿದ್ದಾರೆ? ಉದ್ದನೆಯ ಫ್ಲ್ಯಾಶ್‌ಬ್ಯಾಕ್. ಮಸುಕು ಮಸುಕು ಚಿತ್ರ, ಮೆಟ್ಟಿಲು ಇಳಿದು ಬರುವ ನಾಯಕಿ, ಹಿಂದೆ ಹೆಣ್ಣು ದನಿಯ ರಾಗ, ಮಳೆಯಲ್ಲಿ ಸಿಕ್ಕಿಬಿದ್ದ ಪ್ರೇಮಿಗಳು. ಡಿಮಿಟ್ರಿ ಟಿಯೋಮ್ಕಿನ್ ಸಂಗೀತ ಕಿವಿಗೆ ಹೊಡೆಯುತ್ತದೆ. ಸೀನ್ ಶುರುವಾಗಿ ಸ್ವಲ್ಪ ಹೊತ್ತಿಗೆ ಅಕ್ಕೋರು ಕಣ್ಣು ಮುಚ್ಚಿದರು. ನಾನು ಅಡಿಗೆಮನೆಗೆ ಹೋಗಿ ಚಹಾಕ್ಕೆ ಇಟ್ಟು ಬಂದೆ. ಬಂದಾಗಲೂ ಅವರು ಮಳೆಯಲ್ಲೇ ಇದ್ದರು.

ಅದು ಮುಗಿದು ಕೋರ್ಟು ಶುರುವಾಗುತ್ತದೆ ಅನ್ನುವಷ್ಟರಲ್ಲಿ ಕರೆಂಟು ಹೋಯಿತು. ನಮ್ಮಲ್ಲಿ ಮಳೆಗಾಲದಲ್ಲಿ ಇದೇನು ದೊಡ್ಡ ಸುದ್ದಿ ಅಲ್ಲ. ಇನ್ವರ್ಟರಿಗೆ ಟಿವಿ ಸೇರಿಸಿಲ್ಲ. ಅಕ್ಕೋರು ಮೇಣದಬತ್ತಿ ಹಚ್ಚಿ ಕೂತು ನೆಪೋಮುಕ್ಕಿನ ಸಂತ ಯೋಹಾನರ ಕಥೆ ಹೇಳಿದರು. ಪ್ರಾಗ್ ಊರಿನ ಪಾದ್ರಿ. ರಾಣಿ ಕುಮ್ಸಾರದಲ್ಲಿ ಏನು ಹೇಳಿದಳು ಅಂತ ರಾಜ ಕೇಳಿದನಂತೆ. ಹೇಳಲಿಲ್ಲ. 1393ರಲ್ಲಿ ಹೊಳೆಗೆ ಎಸೆದು ಕೊಲ್ಲಿಸಿದ. 1729ರಲ್ಲಿ ಅವರನ್ನು ಸಂತರ ಸಾಲಿಗೆ ಸೇರಿಸಿದರು. ರಾಣಿಯ ಮಾತು ಮುಂದಿನವರು ಕಟ್ಟಿದ ಕಥೆ ಅನ್ನುವವರೂ ಇದ್ದಾರೆ, ಅಕ್ಕೋರಿಗೆ ಅದು ಬೇಡ. "ಏನು ಹೇಳಿದ್ದಳು ಅಂತ ಇವತ್ತಿನವರೆಗೂ ಯಾರಿಗೂ ಗೊತ್ತಿಲ್ಲ ನೋಡಿ" ಅಂದರು, ತಾವೇ ಕಾಪಾಡಿದ ಹಾಗೆ.

ನಾನು ನಮ್ಮ ಕಾನೂನು ಹೇಳಿದೆ. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಗಂಡ-ಹೆಂಡತಿ ನಡುವಿನ ಮಾತಿಗೆ ರಕ್ಷಣೆ ಇತ್ತು, 122ನೇ ಕಲಂ. ಕಕ್ಷಿದಾರ ವಕೀಲನಿಗೆ ಹೇಳಿದ್ದಕ್ಕೆ ಇತ್ತು, 126. ಪಾದ್ರಿಗೆ ಹೇಳಿದ್ದಕ್ಕೆ ಅಂತ ಒಂದು ಕಲಂ ಇರಲಿಲ್ಲ. 2024ರ ಜುಲೈ 1ರಿಂದ ಹೊಸ ಕಾಯ್ದೆ ಬಂದು ನಂಬರುಗಳೆಲ್ಲ ಬದಲಾದವು. ಪಾದ್ರಿಗೆ ಅದರಲ್ಲೂ ಜಾಗ ಸಿಗಲಿಲ್ಲ.

"ಹಾಗಾದ್ರೆ ಇಲ್ಲಿನ ಪಾದ್ರಿಯನ್ನು ಕಟಕಟೆಗೆ ಕರೆದ್ರೆ?"

"ಕೇಳ್ತಾರೆ. ಹೇಳಲೇಬೇಕು ಅಂತಾರೆ."

"ಹೇಳೂದಿಲ್ಲ" ಅಂದರು ಅಕ್ಕೋರು. ಆಮೇಲೆ ಕರೆಂಟು ಬರುವವರೆಗೆ ಇಬ್ಬರೂ ಮಾತಾಡಲಿಲ್ಲ.

ಈಗ ಕೋರ್ಟು. ಇದಕ್ಕೇ ನಾನು ಬರೆಯಲು ಕೂತಿದ್ದು.

ಕೆಲ್ಲರ್ ಸಾಕ್ಷಿ ಹೇಳುತ್ತಾನೆ. ಆ ರಾತ್ರಿ ನಡೆದದ್ದನ್ನೇ ಹೇಳುತ್ತಾನೆ, ಇಬ್ಬರ ಜಾಗ ಮಾತ್ರ ಅದಲು-ಬದಲು. ಮೊಣಕಾಲೂರಿ ಕಂಗಾಲಾಗಿದ್ದವನು ಪಾದ್ರಿ, ನೋಡಿದವನು ನಾನು ಅಂತ. ಸುಳ್ಳು ಸಾಕ್ಷಿ ಹೇಳುವವರು ಪೂರ್ತಿ ಕಟ್ಟುವುದಿಲ್ಲ. ನಡೆದದ್ದನ್ನೇ ಇಟ್ಟುಕೊಂಡು ಒಂದು ಹೆಸರು ಬದಲಿಸುತ್ತಾರೆ. ಪಾಟಿ ಸವಾಲಿನಲ್ಲಿ ಅಂಥವರು ಬೀಳೋದಿಲ್ಲ. ಇದನ್ನು ಬರೆದವರು ಯಾರೋ ಕೋರ್ಟು ಕಂಡವರೇ.

ಆಮೇಲೆ ಲೋಗನ್. ಮಾಂಟ್ಗೊಮರಿ ಕ್ಲಿಫ್ಟ್ ಈ ಪಾತ್ರ ಮಾಡಿದ್ದಾರೆ. ಸರ್ಕಾರಿ ವಕೀಲ ಒಂದಾದ ಮೇಲೆ ಒಂದು ಪ್ರಶ್ನೆ ಹಾಕುತ್ತಾನೆ. ನಿಲುವಂಗಿಗೆ ರಕ್ತ ಹೇಗೆ ಬಂತು? ಅದು ನಿಮ್ಮ ಪೆಟ್ಟಿಗೆಯಲ್ಲಿ ಹೇಗೆ ಸಿಕ್ಕಿತು? ಲೋಗನ್‌ಗೆ ಉತ್ತರ ಗೊತ್ತು. ಹೇಳುವ ಹಾಗಿಲ್ಲ. ಗೊತ್ತಿಲ್ಲ ಅಂದರೆ ಪ್ರಮಾಣ ಮಾಡಿ ಸುಳ್ಳು ಹೇಳಿದ ಹಾಗೆ. ಅವನು ಇಂಗ್ಲಿಷಿನಲ್ಲಿ "ಐ ಕಾಂಟ್ ಸೇ" ಅನ್ನುತ್ತಾನೆ.

ನಾನು ಹಪ್ಪಳ ಕೆಳಗಿಟ್ಟೆ. ಅದು ನಮ್ಮ ಕಡೆಯ "ಹೇಳೂಕೆ ಬರೂದಿಲ್ಲ"!

ಘಟ್ಟದ ಕೆಳಗೆ ಇರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಯಾವಾಗ ಬಿಡ್ತದೆ ಅಂದರೆ ಹೇಳೂಕೆ ಬರೂದಿಲ್ಲ. ಅಂದರೆ ಗೊತ್ತಿಲ್ಲ. ಅತ್ತಿಗೆ ಯಾಕೆ ತವರಿಗೆ ಹೋದಳು ಅಂದರೂ ಹೇಳೂಕೆ ಬರೂದಿಲ್ಲ. ಅಂದರೆ ಗೊತ್ತಿದೆ, ನಿನಗೆ ಹೇಳುವ ಹಾಗಿಲ್ಲ. ಎರಡಕ್ಕೂ ಅದೇ ಮಾತು. ಯಾವುದು ಅಂತ ಮುಖ ನೋಡಿ ತಿಳಿದುಕೊಳ್ಳಬೇಕು. ಲೋಗನ್ ಆ ಸಂದಿಯಲ್ಲಿ ನಿಂತಿದ್ದಾನೆ. ಕೇಳುವವರು ತಮಗೆ ಬೇಕಾದ್ದನ್ನು ಕೇಳಿಸಿಕೊಳ್ಳುತ್ತಾರೆ. ಅವನು ಸುಳ್ಳೂ ಹೇಳಿಲ್ಲ, ಗುಟ್ಟೂ ಬಿಟ್ಟಿಲ್ಲ.

ನನಗೆ ನೆನಪಾದದ್ದು ಬೇರೆ. ಸುಮಾರು ವರ್ಷದ ಹಿಂದೆ, ಯಾವ ಕೋರ್ಟು ಅಂತ ಬೇಡ. ಬಲೆಯ ವಿಷಯಕ್ಕೆ ಹೊಡೆದಾಟ ಆಗಿ ಒಬ್ಬನ ತಲೆ ಒಡೆದ ಕೇಸು. ಮೀನು ಮಾರುವ ಹೆಂಗಸೊಬ್ಬಳು ಸಾಕ್ಷಿ. ಬುಟ್ಟಿ ಹೊರಗೆ ಜಗಲಿಯಲ್ಲಿ ಇಟ್ಟು ಬಂದಿದ್ದಳು, ಬಾಂಗಡೆ ವಾಸನೆ ಒಳಗಿನವರೆಗೆ. ಆ ರಾತ್ರಿ ದಕ್ಕೆಯಲ್ಲಿ ಯಾರ್ಯಾರು ಇದ್ದರು ಅಂತ ಕೇಳಿದರು. ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು "ಹೇಳೂಕೆ ಬರೂದಿಲ್ಲ ಒಡೆಯಾ" ಅಂದಳು. ಸಾಕ್ಷಿ ಹೇಳಿಕೆಯಲ್ಲಿ ಪ್ರಶ್ನೆ-ಉತ್ತರ ಬರೆಯುವುದು ಕಡಿಮೆ. ಎಲ್ಲವನ್ನೂ 'ನಾನು' ಅಂತ ಕಥೆಯ ಹಾಗೆ ಮಾಡಿ ಸಾಹೇಬರು ಹೇಳುತ್ತಾರೆ, ನಾವು ಹೊಡೆಯುತ್ತೇವೆ. ಅವರು ಹೇಳಿದರು, ನಾನು ಹೊಡೆದೆ: "ಆ ಸಮಯದಲ್ಲಿ ಸ್ಥಳದಲ್ಲಿ ಯಾರು ಇದ್ದರು ಎಂಬುದು ನನಗೆ ಗೊತ್ತಿಲ್ಲ."

ಕೊನೆಗೆ ಓದಿ ಹೇಳಿದಾಗ ಅವಳು ನನ್ನ ಕಡೆ ತಿರುಗಿದಳು. ಸಾಹೇಬರ ಕಡೆ ಅಲ್ಲ, ನನ್ನ ಕಡೆ. "ಗೊತ್ತಿಲ್ಲ ಅಂದಿಲ್ಲ ನಾನು" ಅಂದಳು, ಮೆಲ್ಲಗೆ. ಸಾಹೇಬರು ಮುಂದಿನ ಫೈಲು ತೆಗೆದಿದ್ದರು. ಕೂಗುವವ ಆಗಲೇ ಮುಂದಿನ ಹೆಸರು ಕೂಗುತ್ತಿದ್ದ. ನಾನು ಇಂಕಿನ ಪ್ಯಾಡು ಮುಂದೆ ತಳ್ಳಿದೆ. ಹೆಬ್ಬೆಟ್ಟು ಒತ್ತಿ ಹೋದಳು. ಕೆಳಗೆ ಎಂದಿನ ಸಾಲು ಹೊಡೆದೆ, ಓದಿ ಹೇಳಲಾಯಿತು, ಸರಿ ಇದೆ ಎಂದು ಒಪ್ಪಿದರು.

ಅವಳು ಯಾರನ್ನು ಕಾಪಾಡುತ್ತಿದ್ದಳೋ, ಯಾರಿಗೆ ಹೆದರಿದ್ದಳೋ. ಅವಳೇನು ಪಾದ್ರಿಯಲ್ಲ. ಆದರೆ ಸುಳ್ಳು ಹೇಳಬಾರದು ಅಂತ ಅವಳೂ ಜಾಗ್ರತೆಯಿಂದ ಆ ಮಾತು ಆರಿಸಿಕೊಂಡಿದ್ದಳು. ಅವಳ ಬಾಯಲ್ಲಿ ಸುಳ್ಳು ಹಾಕಿದ್ದು ನನ್ನ ಬೆರಳು. ಕ್ವಿಬೆಕ್ಕಿನ ಆ ಕೋರ್ಟಿನಲ್ಲಿ ಲೋಗನ್ ಹೇಳಿದ್ದನ್ನು ಯಾರೋ ಬರೆದುಕೊಳ್ಳುತ್ತಿರಬೇಕು ಅಲ್ವಾ? ಹೇಳಿದ ಹಾಗೇ ಬರೆದಿರಲಿ ಅಂದುಕೊಂಡೆ, ಸಿನಿಮಾ ಅನ್ನೋದು ಮರೆತು.

ಕ್ಲಿಫ್ಟ್ ಬಗ್ಗೆ ಒಂದು ಮಾತು. ಈ ಪಾತ್ರದಲ್ಲಿ ಮಾತೇ ಕಡಿಮೆ. ಎಲ್ಲ ಮುಖದಲ್ಲೇ ಆಗಬೇಕು, ಆದರೆ ಮುಖದಲ್ಲಿ ಏನೂ ಕಾಣಲೂ ಬಾರದು. ಅವರು ಕಣ್ಣಿನಿಂದ ಮಾಡಿದ್ದಾರೆ. ಬೀದಿಯಲ್ಲಿ ಒಬ್ಬನೇ ನಡೆದು ಹೋಗುವ ಒಂದು ದೃಶ್ಯದಲ್ಲಿ ಮೇಲೆ ಶಿಲುಬೆ ಹೊತ್ತ ಯೇಸುವಿನ ಮೂರ್ತಿ, ಕೆಳಗೆ ದೂರದಲ್ಲಿ ಸಣ್ಣಗೆ ಇವನು. ಅದು ಸ್ವಲ್ಪ ಜಾಸ್ತಿ ಆಯಿತು ಅಂತ ನನಗೆ. ಅಕ್ಕೋರು ಆಗ ಶಿಲುಬೆಯ ಗುರುತು ಮಾಡಿಕೊಂಡರು, ಅದಕ್ಕೆ ನಾನು ಸುಮ್ಮನಿದ್ದೆ. ಇನ್ಸ್‌ಪೆಕ್ಟರ್ ಲರೂ ಆಗಿ ಕಾರ್ಲ್ ಮಾಲ್ಡನ್. ಅವನು ಕೆಟ್ಟವನಲ್ಲ, ದಡ್ಡನೂ ಅಲ್ಲ. ಎದುರಿಗಿದ್ದ ಸಾಕ್ಷ್ಯದಿಂದ ಯಾರಿಗಾದರೂ ಬರುವ ತೀರ್ಮಾನಕ್ಕೇ ಬರುತ್ತಾನೆ. ಒಂದು ಕಡೆ ಇನ್ನೊಬ್ಬ ಪೊಲೀಸನ ತಲೆ ಅಡ್ಡ ಬಂದು, ಅದರ ಬದಿಯಿಂದ ಲರೂನ ಒಂದೇ ಕಣ್ಣು ಕಾಣುತ್ತದೆ, ಕಿಟಕಿಯಾಚೆ ಲೋಗನ್‌ನನ್ನು ನೋಡುವ ಕಣ್ಣು. ಭಾರೀ ಚಂದ ಇದೆ.

ಊರೂ ಚಂದ. ಕಲ್ಲು ಹಾಸಿದ ಏರು ದಾರಿ, ಎಲ್ಲಿ ತಿರುಗಿದರೂ ಇಗರ್ಜಿಯ ಗೋಪುರ, ದೊಡ್ಡ ಹೊಳೆ. ಲೋಗನ್ ಮತ್ತು ರೂತ್ ಯಾರ ಕಣ್ಣಿಗೂ ಬೀಳದೆ ಮಾತಾಡಲು ಫೆರಿ ಹತ್ತುತ್ತಾರೆ. ಕಾಳಿ ಹೊಳೆಗೆ ಸೇತುವೆ ಆಗುವ ಮೊದಲು ಸದಾಶಿವಗಡಕ್ಕೆ ಹೀಗೇ ಹೋಗುತ್ತಿದ್ದರು, ಗುಟ್ಟು ಮಾತಾಡಲು ಮಾತ್ರ ಅದು ಜಾಗ ಅಲ್ಲ. ಇಳಿಯುವಷ್ಟರಲ್ಲಿ ಇಡೀ ಊರಿಗೆ ಗೊತ್ತಾಗಿರುತ್ತಿತ್ತು.

ಒಂದು ತಕರಾರು ಇದೆ. ತೀರ್ಪು. ಜ್ಯೂರಿಯವರು ಸಾಕ್ಷ್ಯ ಸಾಲದು ಅಂತ ಬಿಡುತ್ತಾರೆ. ನಮ್ಮ ಭಾಷೆಯಲ್ಲಿ ಸಂಶಯದ ಲಾಭ. ಜಡ್ಜ್ ಸಾಹೇಬರು ಅಲ್ಲೇ ಎಲ್ಲರ ಮುಂದೆ, ನನಗೆ ಈ ತೀರ್ಪು ಒಪ್ಪಿಗೆಯಿಲ್ಲ ಅನ್ನುತ್ತಾರೆ. ನಮ್ಮಲ್ಲಿ ಜ್ಯೂರಿ ಪದ್ಧತಿ ನಾನು ಸೇವೆಗೆ ಸೇರುವ ಮೊದಲೇ ಹೋಗಿತ್ತು, 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಅದಕ್ಕೇ ಇದು ವಿಚಿತ್ರ ಅನಿಸಿತೋ ಏನೋ. ಆದರೆ ಆ ಮಾತಿನ ಪರಿಣಾಮ ನೋಡಿ. ಬಿಡುಗಡೆ ಆದವನು ಹೊರಗೆ ಬಂದರೆ ಗುಂಪು ಕೂಗುತ್ತದೆ, ಮೇಲೆ ಬೀಳುತ್ತದೆ. ಒಬ್ಬ ದಪ್ಪ ಹೆಂಗಸು ಸೇಬು ಕಚ್ಚುತ್ತಾ ತಮಾಷೆ ನೋಡುತ್ತಿರುತ್ತಾಳೆ. ಕೋರ್ಟಿನ ಮೆಟ್ಟಿಲಲ್ಲಿ ಆ ಹೆಂಗಸು ಯಾವಾಗಲೂ ಇರುತ್ತಾಳೆ. ನಮ್ಮಲ್ಲಾದರೆ ಕೈಯಲ್ಲಿ ಶೇಂಗಾ.

ಅಲ್ಲಿಂದ ಮುಂದಿನ ಹತ್ತು ನಿಮಿಷ ನಾನು ಹೇಳೋದಿಲ್ಲ. ಆಲ್ಮಾಳ ಮೇಲೆ ಕಣ್ಣಿಟ್ಟಿರಿ, ಅಷ್ಟು ಸಾಕು. ಗುಂಡು ಹಾರುವ ಕೊನೆಯ ಭಾಗ ಸ್ವಲ್ಪ ಅವಸರದಲ್ಲಿ ಮುಗಿಸಿದ ಹಾಗಿದೆ. ಆ ಹಳೆಯ ನಾಟಕದಲ್ಲಿ ಪಾದ್ರಿಗೆ ಮರಣದಂಡನೆ ಆಗುತ್ತದಂತೆ, ಸಿನಿಮಾ ಕಂಪನಿಯವರು ಅದಕ್ಕೆ ಒಪ್ಪಲಿಲ್ಲ. ಕೆನಡಾದಲ್ಲಿ ಆಗಿನ್ನೂ ಕೊಲೆಗೆ ಗಲ್ಲು ಇತ್ತು, ತೆಗೆದದ್ದು 1976ರಲ್ಲಿ. ಹಾಗಾಗಿ ಲೋಗನ್ ಸುಮ್ಮನೆ ಇದ್ದದ್ದು ಕುತ್ತಿಗೆ ಒಡ್ಡಿಯೇ.

ಹಿಚ್‌ಕಾಕ್ ಸ್ವತಃ ಕ್ಯಾಥೊಲಿಕ್ ಮನೆಯವರು, ಲಂಡನ್ನಿನಲ್ಲಿ ಜೆಸುಯಿಟ್ ಪಾದ್ರಿಗಳ ಶಾಲೆಯಲ್ಲಿ ಓದಿದವರು. ಮುಂದೆ ಫ್ರೆಂಚ್ ನಿರ್ದೇಶಕ ತ್ರುಫೋ ಅವರ ಜೊತೆ ಮಾತಾಡುವಾಗ, ಈ ಸಿನಿಮಾ ಮಾಡಬಾರದಿತ್ತು ಅನ್ನುವ ಅರ್ಥದ ಮಾತು ಹೇಳಿದ್ದಾರೆ. ಕ್ಯಾಥೊಲಿಕ್ಕರಿಗೆ ಪಾದ್ರಿಯ ಕಷ್ಟ ಕೂಡಲೇ ತಿಳಿಯುತ್ತದೆ, ಉಳಿದವರಿಗೆ ಒಂದು ಗುಟ್ಟಿಗಾಗಿ ಯಾರಾದರೂ ಪ್ರಾಣ ಬಿಡ್ತಾರಾ ಅನಿಸುತ್ತದೆ ಅಂತ. ನನಗೆ ಹಾಗೆ ಅನಿಸಲಿಲ್ಲ. ನಾನು ಇಗರ್ಜಿಯ ಒಳಗೆ ಹೋಗಿದ್ದು ಮದುವೆಗಳಿಗೆ ಮಾತ್ರ. ಆದರೂ ಅರ್ಥವಾಯಿತು. ಪಕ್ಕದಲ್ಲಿ ಗೇರುಬೀಜದ ಕಥೆ ಹೇಳುವವರು ಇದ್ದದ್ದಕ್ಕೆ ಇರಬಹುದು. ಹಾಗಾಗಿ ನನ್ನ ಸಲಹೆ, ನಿಮ್ಮ ಪಕ್ಕದಲ್ಲಿ ಅಂಥವರು ಯಾರಾದರೂ ಇದ್ದರೆ ಕರೆದುಕೊಂಡು ನೋಡಿ. ಕೊಲೆಗಾರ ಯಾರು ಅಂತ ಕೊನೆವರೆಗೆ ಕಾಯುವ ಖುಷಿ ಬೇಕಾದವರು ಇದನ್ನು ಬಿಡಿ. ಮಕ್ಕಳಿಗೆ ಬೇಜಾರು ಬರುತ್ತದೆ. ರೂತ್ ಮೆಟ್ಟಿಲು ಇಳಿಯುವಾಗ ಚಹಾ ಮಾಡಿಕೊಳ್ಳಿ.

ಡಿವಿಡಿ ಈಗ ನನ್ನ ಹತ್ತಿರ ಇಲ್ಲ. ಅಕ್ಕೋರು ತಮ್ಮ ಫಾದರಿಗೆ ತೋರಿಸುತ್ತೇನೆ ಅಂತ ಚೀಲಕ್ಕೆ ಹಾಕಿಕೊಂಡು ಹೋದರು. ಈ ಸಿನಿಮಾದಲ್ಲಿ ಒಬ್ಬ ಪಾದ್ರಿಯ ಸೈಕಲ್ ಇದೆ, ಹೇಳಲು ಮರೆತೆ. ಅದನ್ನು ಪಾದ್ರಿಮನೆಯ ಒಳಗೇ ತಂದು ಗೋಡೆಗೆ ಒರಗಿಸುತ್ತಾನೆ. ಎಲ್ಲರೂ ಉಸಿರು ಬಿಗಿ ಹಿಡಿದು ಕೂತ ಹೊತ್ತಿಗೆ ಅದು ಧಡಾರ್ ಅಂತ ಬೀಳುತ್ತದೆ. ನಾವಿಬ್ಬರೂ ಹೆದರಿ, ಆಮೇಲೆ ನಕ್ಕಿದ್ದೆವು.

ಮೊನ್ನೆ ಮಾರ್ಕೆಟ್ಟಿನಲ್ಲಿ ಅಕ್ಕೋರು ಸಿಕ್ಕರು. ಫಾದರ್ ಪೂರ್ತಿ ನೋಡಿದರಂತೆ.

"ಏನಂದ್ರು?"

"ಏನೂ ಅನ್ನಲಿಲ್ಲ. ಸೈಕಲ್ ಒಳಗೆ ತರಬಾರದಿತ್ತು ಅಂದ್ರು."